ಒಡೆಯುವ ಮೊದಲಿನ ದನಿ

“ಅದೆಂತ ಧಣಿ, ನಾನು ಬಂದಾಗಿಂದ ಕೀಂ ಕೀಂ ಹೇಳುವುದು?” ಎಂದು ಡೊಂಬಯ್ಯ ಕೇಳಿದಾಗ ಆದೀಶನಿಗೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಆದರೂ ಕೇಳಿಸಿದವನಂತೆ ನಕ್ಕು, “ಅದು ಹಾಗೆಯೇ” ಎಂದುಬಿಟ್ಟ. ಡೊಂಬಯ್ಯ ಬೆಳ್ತಂಗಡಿ ಕಡೆ ಗುಡ್ಡದಲ್ಲಿ ರಬ್ಬರ್ ಇಟ್ಟುಕೊಂಡವರು, ಎಪ್ಪತ್ತು ದಾಟಿದವರು. ಕೆಟ್ಟುಹೋದ ಹುಲ್ಲು ತೆಗೆಯುವ ಮಿಷನನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮೂಡುಬಿದಿರೆಯ ಆದೀಶನ ಅಂಗಡಿಯವರೆಗೆ ತಂದಿದ್ದರು. ಅವರು ನಗಲಿಲ್ಲ. ಎದ್ದು, ತಲೆಯನ್ನು ಒಂದು ಬದಿಗೆ ವಾಲಿಸಿ, ಪಂಪುಗಳ ಸಾಲನ್ನು ದಾಟಿ ಹೋಗಿ ಮೂಲೆಯ ಇನ್ವರ್ಟರಿನ ಎದುರು ನಿಂತರು. “ಇದುವೇ. ಬ್ಯಾಟರಿ ಮುಗಿದಿರಬೇಕು. ನಿಮಗೆ ಕೇಳುವುದಿಲ್ವಾ?” ಆದೀಶ್ ಹತ್ತಿರ ಹೋಗಿ ಬಗ್ಗಿದ. ಕೆಂಪು ದೀಪ ಹೊತ್ತಿ ಆರುತ್ತಿತ್ತು, ಹೊತ್ತಿ ಆರುತ್ತಿತ್ತು. ಮುಚ್ಚಿದ ಕಿಟಕಿಯ ಆಚೆ ನಿಂತು ಯಾರೋ ಅವನ ಹೆಸರು ಕರೆಯುತ್ತಿರುವ ಹಾಗೆ. ಪೆಟ್ಟಿಗೆಗೆ ಕಿವಿ ಆನಿಸಿದ. ಒಳಗಿನ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವಿಕೆ ಮಾತ್ರ ಕೆನ್ನೆಗೆ ತಟ್ಟಿತು. “ಕೇಳ್ತದೆ, ಕೇಳ್ತದೆ” ಎಂದು ಹೇಳುತ್ತ ಸ್ವಿಚ್ಚು ಆರಿಸಿದ. “ಹಾಂ, ಈಗ ನಿಂತಿತು” ಎಂದರು ಡೊಂಬಯ್ಯ, ದೊಡ್ಡ ಸಮಾಧಾನದಿಂದ. ಅವನ ಕಿವಿಯಲ್ಲಿ ಯಾವುದೂ ನಿಲ್ಲಲಿಲ್ಲ, ಏಕೆಂದರೆ ಯಾವುದೂ ಇರಲಿಲ್ಲ.

ಮಿಷನ್ ಬಿಚ್ಚಿ ಕುಳಿತವನಿಗೆ ಕೈ ಓಡಲಿಲ್ಲ. ಕಳೆದ ಭಾನುವಾರ ವಿಸ್ಮಿತಾ ಹೇಳಿದ್ದನ್ನು ವಾರವಿಡೀ ದೂರ ಇಟ್ಟಿದ್ದ. ಈಗ ಅದು ಅಂಗಡಿಯೊಳಗೆ ಬಂದು ಎದುರಿಗೇ ಕುಳಿತಿತ್ತು. ಮೆಲ್ಕಾರಿನಲ್ಲಿ ಖಲೀಲನ ಹಾಸಿಗೆ ಅಂಗಡಿಯ ಮಾಳಿಗೆಯಲ್ಲಿ ಅವರ ಸಂಗೀತ ತಂಡದ ಅಭ್ಯಾಸ. ಇಬ್ರಾಹಿಂ ಖಲೀಲ್ ಬೇಸ್ ಗಿಟಾರ್ ನುಡಿಸುತ್ತಾನೆ, ಮನ್ವಿತ್ ಡ್ರಮ್ಸ್, ಪೊಳಲಿಯ ವಿಸ್ಮಿತಾ ತಾನೇ ಬರೆದ ತುಳು ಹಾಡುಗಳನ್ನು ಹಾಡುತ್ತಾಳೆ, ಆದೀಶನದ್ದು ಗಿಟಾರ್. ಆ ಭಾನುವಾರ ಅವಳು ಹಾಡು ನಿಲ್ಲಿಸಿ, ಬಹಳ ಹೊತ್ತು ಯೋಚಿಸಿದವಳ ಹಾಗೆ, “ಆದೀಶಣ್ಣ, ನಿಮ್ಮ ಗಿಟಾರ್ ಚುಚ್ತದೆ. ಸ್ವಲ್ಪ ಕಡಿಮೆ ಮಾಡ್ತೀರಾ?” ಎಂದಿದ್ದಳು. ಅಷ್ಟೇ. ಅವನು ಹೇಳಿದ್ದು ಅಷ್ಟಕ್ಕೆ ನಿಲ್ಲಲಿಲ್ಲ. “ನಿನಗೆ ಕಿವಿ ಉಂಟಾ? ಮೈಕಿನ ಮುಂದೆ ನಿಂತು ಹಾಡುವುದು ನಿನ್ನ ಕೆಲಸ. ಅಷ್ಟು ಮಾಡಿದರೆ ಸಾಕು.” ಮನ್ವಿತನ ಕೋಲು ಗಾಳಿಯಲ್ಲೇ ನಿಂತಿತ್ತು. ಅವಳು ಮೈಕಿನ ವಯರನ್ನು ಗಂಟು ಬೀಳದ ಹಾಗೆ ಮೊಣಕೈಗೆ ಸುತ್ತಿ ಸುತ್ತಿ ಇಟ್ಟು, ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಳು. ಅವಳು ಕೋಪದಲ್ಲಿ ಆ ವಯರನ್ನು ಬಿಸಾಡಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಈಗ ಅನಿಸಿತು.

ಅವನ ಆಂಪ್ಲಿಫಯರ್ ಟ್ಯೂಬಿನದ್ದು. ಅಮ್ಮ ರಾಜಮತಿಗೆ ಅದು ಅರ್ಥವಾದದ್ದು, ಹಳೆಯ ವಾಲ್ವ್ ರೇಡಿಯೊದ ಒಳಗೆ ಇರುತ್ತಿತ್ತಲ್ಲ ಅದೇ ಗಾಜಿನ ಬುರುಡೆಗಳು ಎಂದು ವಿವರಿಸಿದ ಮೇಲೆ. ಬಿಸಿಯಾಗಿ ಕೆಂಪಗಾಗುವ ಆ ಬುರುಡೆಗಳಿಗೆ, ಅವು ಹೊರಬಲ್ಲದ್ದಕ್ಕಿಂತ ಒಂದಿಷ್ಟು ಹೆಚ್ಚು ಹೊರಿಸಿದರೆ ಗಿಟಾರಿನ ಸ್ವರದ ಅಂಚು ಹರಿಯುತ್ತದೆ. ಸ್ವರ ಒಡೆಯುವುದಿಲ್ಲ, ಒಡೆಯುವ ಮೊದಲಿನ ಒಂದು ಜಾಗದಲ್ಲಿ ನಿಂತು ಉರಿಯುತ್ತದೆ. ಓವರ್‌ಡ್ರೈವ್ ಎನ್ನುವುದು ಅದಕ್ಕೇ. ಹತ್ತೊಂಬತ್ತರ ವಯಸ್ಸಿನಲ್ಲಿ, ಮಂಗಳೂರಿನ ಕಾಲೇಜಿನ ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದಾಗ, ಊರ ಹೊರಗಿನಿಂದ ಬಂದ ತಂಡದ ಒಬ್ಬ ಕಾರ್ಯಕ್ರಮಕ್ಕೆ ಮೊದಲು ಒಂದೇ ಒಂದು ಸ್ವರ ನುಡಿಸಿ ನೋಡಿದ್ದ. ಆದೀಶ್ ಕುರ್ಚಿ ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಇಡೀ ಕಾರ್ಯಕ್ರಮ ನಡೆದದ್ದು ಅವನಿಗೆ ನೆನಪಿಲ್ಲ. ಆ ಸ್ವರ ನೆನಪಿದೆ, ಅದರ ಮೇಲಂಚಿನ ಹೊಳಪು ಕೂಡ. ಇಷ್ಟು ವರ್ಷ ಪಂಪು, ಸ್ಪ್ರೇಯರ್, ಹುಲ್ಲಿನ ಮಿಷನ್ ಮಾರುತ್ತ, ಪ್ರತಿಯೊಂದನ್ನೂ ಗಿರಾಕಿಯ ಎದುರು ಓಡಿಸಿ ತೋರಿಸುತ್ತ, ಆ ಸ್ವರವನ್ನು ಒಳಗೆ ಇಟ್ಟುಕೊಂಡಿದ್ದ. ಗೋವಾದ ಹೋಟೆಲ್ ಬ್ಯಾಂಡಿನವರಿಂದ ಹಳೆಯ ಆಂಪ್ ತಂದಾಗಿನಿಂದ ಅದನ್ನು ಹುಡುಕುವುದೇ ಕೆಲಸ. ಹೊಳಪು ಸಾಲದು ಎಂದು, ಚೂಪು ಸದ್ದನ್ನು ಹೆಚ್ಚಿಸುವ ಟ್ರೆಬಲ್ ನಾಬ್ ಏರಿಸುವುದು, ಇನ್ನೂ ಸಾಲದು ಎಂದು ಇನ್ನೂ ಏರಿಸುವುದು. ಅದು ಬರುವುದೇ ಇಲ್ಲ ಎಂದು ಬುರುಡೆಗಳನ್ನೇ ಬದಲಾಯಿಸಿದ್ದ. ಹತ್ತೊಂಬತ್ತರ ಕಿವಿ ಕೇಳಿದ್ದನ್ನು ನಲವತ್ತೈದರ ಕಿವಿ ಹುಡುಕುತ್ತಿತ್ತು, ತಾನೇ ಮಂದವಾಗಿದೆ ಎಂದು ಗೊತ್ತಿಲ್ಲದೆ.

ಅಪ್ಪನಿಗೂ ಕೊನೆಕೊನೆಗೆ ಕೇಳುತ್ತಿರಲಿಲ್ಲ. ಇದೇ ಮೇಜಿನ ಹಿಂದೆ ಕುಳಿತು ಎಲ್ಲರಿಗೂ “ಹೌದು ಹೌದು” ಎನ್ನುತ್ತಿದ್ದರು. ಅರ್ಧ ಇಂಚಿನ ಪೈಪು ಕೇಳಿದರೂ ಹೌದು, ಮಗಳ ಮದುವೆಗೆ ಬನ್ನಿ ಎಂದರೂ ಹೌದು. ಒಂದು ದಿನ ಅಂಗಡಿ ತುಂಬ ಜನವಿದ್ದಾಗ ಆದೀಶ್, “ಅವರಿಗೆ ಕೇಳುವುದಿಲ್ಲ, ನನ್ನ ಹತ್ತಿರ ಹೇಳಿ” ಎಂದು ದೊಡ್ಡ ದನಿಯಲ್ಲಿ ಕೂಗಿದ್ದ. ಆ ದನಿ ಮಾತ್ರ ಅಪ್ಪನಿಗೆ ಸರಿಯಾಗಿ ಕೇಳಿತ್ತು. ಅವರು ಎದ್ದು ಬಟ್ಟೆಯೊಂದನ್ನು ತೆಗೆದುಕೊಂಡು ಮೇಜಿನ ಗಾಜು ಒರೆಸತೊಡಗಿದರು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ಇವತ್ತು ತಾನು ಡೊಂಬಯ್ಯನವರ ಎದುರು ನಕ್ಕ ನಗು ಅಪ್ಪನದ್ದೇ ಎಂದು ಹೊಳೆದಾಗ ಆದೀಶ್ ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟ. “ಸಂಜೆಯೊಳಗೆ ಆಗ್ತದಾ ಧಣಿ?” ಎಂದು ಡೊಂಬಯ್ಯ ಕೇಳಿದರು. ಮೊದಲನೆಯ ಸಲ ಅವನು ತುಟಿ ನೋಡಿ ಊಹಿಸಿಕೊಳ್ಳುವ ತನ್ನ ಅಭ್ಯಾಸ ಬಿಟ್ಟು, “ಇನ್ನೊಮ್ಮೆ ಹೇಳಿ. ನನಗೆ ಸರಿ ಕೇಳಲಿಲ್ಲ” ಎಂದ. ಹೇಳಿದ ಮೇಲೆ ಆಕಾಶವೇನೂ ಬೀಳಲಿಲ್ಲ. ಅವರು ಇನ್ನೊಮ್ಮೆ ಹೇಳಿದರು, ಅಷ್ಟೇ.

ಸಂಜೆ ಬಂಟ್ವಾಳದಲ್ಲಿ ಒಂದು ಯುವಕ ಸಂಘದ ವಾರ್ಷಿಕೋತ್ಸವ. ಅವರ ತಂಡ ಮೊತ್ತಮೊದಲು ಜನರೆದುರು ನುಡಿಸುವುದಿತ್ತು. ಆಂಪ್ ಖಲೀಲನ ಮಾಳಿಗೆಯಲ್ಲೇ ಇದ್ದದ್ದರಿಂದ ಹೇಗಿದ್ದರೂ ಮೆಲ್ಕಾರಿಗೆ ಹೋಗಬೇಕು. ಮಿಷನ್ ಸರಿಮಾಡಿ ಕೊಟ್ಟು, ಸಿದ್ಧಕಟ್ಟೆಯ ದಾರಿಯಲ್ಲಿ ಸ್ಕೂಟರ್ ಓಡಿಸುವಾಗ ಅವನು ಎಲ್ಲವನ್ನೂ ಪರೀಕ್ಷಿಸುತ್ತ ಹೋದ. ಬಸ್ಸಿನ ಹಾರ್ನ್ ಕೇಳಿತು. ಮರ ಕೊಯ್ಯುವ ಮಿಲ್ಲು ಕೇಳಿತು. ರಸ್ತೆಬದಿಯ ಮಾವಿನ ಮರದಲ್ಲಿ ಹಕ್ಕಿಗಳು ಕೊಕ್ಕು ತೆರೆದು ಮುಚ್ಚುತ್ತಿದ್ದವು, ಅದು ಕೇಳಲಿಲ್ಲ. ಸ್ಕೂಟರ್ ಆಫ್ ಮಾಡಿದ, ಆಗಲೂ ಇಲ್ಲ. ಇಷ್ಟು ದಿನ ಹಕ್ಕಿಗಳೇ ಕಡಿಮೆಯಾಗಿವೆ ಎಂದುಕೊಂಡಿದ್ದ. ಮೊನ್ನೆ ಯಾರ ಹತ್ತಿರವೋ ಹಕ್ಕಿಗಳನ್ನು ಓಡಿಸುವ ಮೊಬೈಲ್ ಟವರುಗಳ ಬಗ್ಗೆ ಭಾಷಣ ಕೂಡ ಮಾಡಿದ್ದ.

ಮೆಲ್ಕಾರಿನಲ್ಲಿ ಹಾಸಿಗೆ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ ಕಿವಿ ಪರೀಕ್ಷೆಯ ಕೇಂದ್ರವೊಂದಿತ್ತು. ಎಷ್ಟು ಸಲ ಅದರ ಎದುರು ಸ್ಕೂಟರ್ ನಿಲ್ಲಿಸಿದ್ದನೋ. ಒಳಗೆ ಹೋಗುವ ಮೊದಲು ಖಲೀಲನ ಅಂಗಡಿಯ ಕಡೆ ತಿರುಗಿ ನೋಡಿದ, ಕಳ್ಳನ ಹಾಗೆ. ಪರೀಕ್ಷೆ ಮಾಡುವ ಹೆಂಗಸು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, “ಸಣ್ಣ ಸದ್ದು ಕೇಳಿದರೂ ಬೆರಳು ಎತ್ತಿ” ಎಂದಳು. ಮೊದಮೊದಲಿಗೆ ಎತ್ತಿದ. ಆಮೇಲೆ ಏನೂ ಇಲ್ಲ. ಗಾಜಿನಾಚೆ ಅವಳ ಭುಜ ಚೂರು ಅಲುಗಿದ್ದು ಕಂಡು ಬೆರಳು ಎತ್ತಿದ. ಮತ್ತೆ ಅಲುಗಿತು, ಮತ್ತೆ ಎತ್ತಿದ. ಅವಳು ಒಂದು ಕ್ಷಣ ಅವನನ್ನೇ ನೋಡಿ, ಕುರ್ಚಿಯನ್ನು ಅವನಿಗೆ ಬೆನ್ನು ಕಾಣುವಂತೆ ತಿರುಗಿಸಿಕೊಂಡಳು. ಶಾಲೆಯಲ್ಲಿ ಪಕ್ಕದವನ ಪುಸ್ತಕ ನೋಡಿ ಬರೆದು ಸಿಕ್ಕಿಬಿದ್ದಾಗಲೂ ಅವನ ಮುಖ ಇಷ್ಟು ಬಿಸಿಯಾಗಿರಲಿಲ್ಲ. ಬೆರಳು ತೊಡೆಯ ಮೇಲೆ ಬಿದ್ದುಕೊಂಡಿತು, ಅದು ತನ್ನದಲ್ಲವೆಂಬಂತೆ.

“ಮೇಲಿನ ಸದ್ದುಗಳು, ಹಕ್ಕಿಯ ದನಿಯಂಥ ಚೂಪಿನವು, ಎರಡು ಕಿವಿಯಲ್ಲೂ ಹೋಗಿವೆ” ಎಂದಳು ಅವಳು, ಹೊರಗೆ ಬಂದ ಮೇಲೆ, ಮೆಲ್ಲಗೆ ಬಿಡಿಸಿ ಬಿಡಿಸಿ. “ಮಾತು ಹೆಚ್ಚುಕಡಿಮೆ ಕೇಳ್ತದೆ, ಹಾಗಾಗಿ ನಿಮಗೆ ಗೊತ್ತಾಗಲಿಲ್ಲ. ಮಿಷನಿನ ಹತ್ತಿರ ಕೆಲಸವಾ?”

“ಹೌದು. ಮತ್ತೆ ಗಿಟಾರ್ ನುಡಿಸ್ತೇನೆ.” ಆಮೇಲೆ ಕೇಳಿದ: “ಬಿಡಬೇಕಾ?”

“ಬಿಡಿ ಅಂತ ನಾನು ಹೇಳುವುದಿಲ್ಲ. ಹೋದದ್ದು ವಾಪಸು ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳಬಹುದು.” ಅವಳು ಹಳದಿ ಸ್ಪಂಜಿನ ಒಂದು ಜೊತೆ ಬಿರಡೆ ಕೊಟ್ಟು, ಬೆರಳಿನಲ್ಲಿ ಹೊಸೆದು ಕಿವಿಗೆ ಹಾಕುವುದನ್ನು ತೋರಿಸಿದಳು. “ಜೋರು ಸದ್ದು ಇರುವಲ್ಲಿ ಇದಿಲ್ಲದೆ ನಿಲ್ಲಲೇಬೇಡಿ.”

ಖಲೀಲ್ ತನ್ನ ಓಮ್ನಿ ವ್ಯಾನಿನ ಹಿಂಬಾಗಿಲು ತೆರೆದು ಕಾಯುತ್ತಿದ್ದ. ಇಬ್ಬರೂ ಸೇರಿ ಆಂಪನ್ನು ಮೆಟ್ಟಿಲಿಳಿಸುವಾಗ ಆದೀಶ್, ಭಾರದ ನಡುವೆಯೇ, ಸುಲಭದ ಮಾತಿನಂತೆ ಪರೀಕ್ಷೆಯ ವಿಷಯ ಹೇಳಿಬಿಟ್ಟ. ಖಲೀಲ್ ಮಧ್ಯದ ಮೆಟ್ಟಿಲಲ್ಲಿ ನಿಂತ. “ಹಾಗೆಂತ ಇಲ್ಲ ಮಾರಾಯ, ಮೇಲೆ ಸುತ್ತ ಹಾಸಿಗೆ ಒಟ್ಟಿದ್ದೇನಲ್ಲ, ಅದು ಸದ್ದು ಕುಡೀತದೆ. ಮತ್ತೆ ನಿನ್ನ ಸ್ಪೀಕರ್ ನೆಲದಲ್ಲಿ ಕೂತು ನಿನ್ನ ಕಾಲಿಗೆ ನುಡಿಸ್ತದೆ, ಕಿವಿಗೆ ಅಲ್ಲ. ಯಾರಾದರೂ ಟ್ರೆಬಲ್ ಏರಿಸಿಯೇ ಏರಿಸ್ತಾರೆ.” ಎರಡೂ ಮಾತು ನಿಜವಾಗಿತ್ತು. ಸ್ನೇಹಿತ ಪ್ರೀತಿಯಿಂದ ಹಾಸಿಕೊಟ್ಟ ಹಾಸಿಗೆಯ ಮೇಲೆ ಹಾಗೆಯೇ ಮಲಗಿಬಿಡಬಹುದಿತ್ತು. ಆದೀಶ್ ಆಂಪಿನ ಹಿಡಿಯನ್ನು ಇನ್ನೊಮ್ಮೆ ಬಿಗಿಯಾಗಿ ಹಿಡಿದ. “ಅದೂ ಉಂಟು. ಕಿವಿಯೂ ಹೋಗಿದೆ. ಇವತ್ತು ನಾನು ನುಡಿಸ್ತೇನೆ, ಆದರೆ ನಾಬ್ ಮುಟ್ಟುವುದು ನಾನಲ್ಲ.”

“ಮತ್ತೆ ಯಾರು?”

“ಅವಳು ಬರ್ತಾಳಲ್ಲ?”

“ಹಾಡಲಿಕ್ಕೆ ಬರ್ತಾಳೆ. ನಿನ್ನ ಹತ್ತಿರ ಮಾತಾಡಲಿಕ್ಕೆ ಬರ್ತಾಳೆ ಅಂತ ಹೇಳಲಿಲ್ಲ” ಎಂದ ಖಲೀಲ್.

ಬಂಟ್ವಾಳದ ಸಭಾಭವನದಲ್ಲಿ ಸಂಘದವರು ಕುರ್ಚಿ ಹಾಕುತ್ತಿದ್ದರು. ವಿಸ್ಮಿತಾ ಬಿ.ಸಿ. ರೋಡಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ ನೇರ ಬಂದಿದ್ದಳು. ವೇದಿಕೆಯ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಸಾಹಿತ್ಯ ಓದಿಕೊಳ್ಳುತ್ತಿದ್ದಳು. ಆದೀಶ್ ಎದುರು ನಿಂತಾಗ ಕಾಲು ಬದಿಗೆ ಸರಿಸಿ ಅವನಿಗೆ ದಾರಿ ಬಿಟ್ಟಳು. ಅವನು ಮೆಟ್ಟಿಲು ಹತ್ತದೆ ಅಲ್ಲೇ ನಿಂತ. “ನೀನು ನಡುವಿನ ಸಾಲಿನಲ್ಲಿ ಹೋಗಿ ಕೂತು ಕೇಳ್ತೀಯಾ? ಹೇಗೆ ಬೇಕು ಹೇಳು, ಹಾಗೆ ಇಡುವ” ಎಂದ. ಅವಳು ತಲೆ ಎತ್ತಲಿಲ್ಲ. “ನನಗೆ ಕಿವಿ ಇಲ್ಲ ಅಲ್ವಾ ಆದೀಶಣ್ಣ.”

“ನನಗೆ ಇಲ್ಲದ್ದು.” ಅವನ ದನಿ ತುಸು ಜೋರಾಯಿತೇನೋ, ಕುರ್ಚಿ ಹಾಕುವವರು ತಿರುಗಿ ನೋಡಿದರು. ಅವನು ದನಿ ತಗ್ಗಿಸಲಿಲ್ಲ. “ಈಗ ಪರೀಕ್ಷೆ ಮಾಡಿಸಿ ಬಂದೆ. ಮೇಲಿನದ್ದು ನನಗೆ ಕೇಳುವುದೇ ಇಲ್ಲ. ನೀನು ಅವತ್ತು ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು, ಹೇಳಿದ ರೀತಿ ಇನ್ನೂ ತಪ್ಪು.” ವಿಸ್ಮಿತಾ ಈಗ ಅವನನ್ನು ನೋಡಿದಳು, ಕರುಣೆಯೇನಾದರೂ ಕಾಣುತ್ತದೆಯೋ ಎಂದು ಅವನು ಹೆದರಿದ್ದ, ಅದಿರಲಿಲ್ಲ. ಲ್ಯಾಬಿನಲ್ಲಿ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುವವಳ ಹಾಗೆ ನೋಡಿದಳು. “ನಾನು ಹೇಳಿದಲ್ಲಿ ಇಟ್ಟ ಮೇಲೆ ನೀವು ಮತ್ತೆ ಮುಟ್ಟಬಾರದು” ಎಂದಳು. “ಮುಟ್ಟುವುದಾದರೆ ನಾನು ಹೇಳುವುದೇ ಇಲ್ಲ.”

“ಮುಟ್ಟುವುದಿಲ್ಲ.”

ಖಲೀಲ್ ಆಂಪನ್ನು ಕುರ್ಚಿಯ ಮೇಲೇರಿಸಿ, ಸ್ವಲ್ಪ ಹಿಂದಕ್ಕೆ ಒರಗಿಸಿ ಇಟ್ಟ. ಬುರುಡೆಗಳು ಬಿಸಿಯಾಗುವವರೆಗೆ ಕಾದು, ಆದೀಶ್ ಬಿರಡೆ ಹೊಸೆದು ಕಿವಿಗಿಟ್ಟುಕೊಂಡ. ಲೋಕ ಕಂಬಳಿ ಹೊದ್ದುಕೊಂಡಿತು. ಅವನು ನುಡಿಸಿದ, ನಡುವಿನ ಸಾಲಿನಿಂದ ಅವಳು ಕೈಯನ್ನು ಬಾಯಿಯ ಸುತ್ತ ಹಿಡಿದು ಕೂಗಿದಳು, ಖಲೀಲ್ ನಾಬ್ ತಿರುಗಿಸಿದ. ಅವಳಿಗೆ ಗೇನ್, ಮಿಡ್ ಎಂಬ ನಾಬುಗಳ ಹೆಸರು ಗೊತ್ತಿರಲಿಲ್ಲ; ಅವಳಿಗೆ ಗೊತ್ತಿದ್ದದ್ದು ತಗಡು, ಗಂಜಿ, ಡಬ್ಬಿ. “ತಗಡು ಕೆರೆದ ಹಾಗೆ” ಎಂದಳು. ಟ್ರೆಬಲ್ ಇಳಿಯಿತು, ಇನ್ನೂ ಇಳಿಯಿತು, ಆದೀಶನ ಪಾಲಿಗೆ ಸ್ವರದ ಮುಖವೇ ಅಳಿಸಿಹೋಗುವಷ್ಟು. “ಈಗ ಎಲ್ಲ ಒಟ್ಟಿಗೆ ಅಂಟಿದೆ, ಗಂಜಿಯ ಹಾಗೆ. ಒಂದೊಂದು ತಂತಿ ಬೇರೆ ಕೇಳುವುದಿಲ್ಲ.” ಅವನಿಗೆ ಗೊತ್ತಾಯಿತು: ಗೇನ್, ಅಂದರೆ ಸ್ವರ ಆಂಪಿನೊಳಗೆ ಹೋಗುವಾಗಲೇ ಬೀಳುವ ಒತ್ತಡ, ಅತಿಯಾಗಿದೆ. ಯಾವಾಗಲೂ ಅದನ್ನೇ ಏರಿಸಿ, ಒಟ್ಟು ವಾಲ್ಯೂಮನ್ನು ಸಣ್ಣ ಮಾಡಿಟ್ಟು, ಬುರುಡೆಗಳನ್ನು ದುಡಿಯಲು ಬಿಡದೆಯೇ ಅವುಗಳಿಂದ ದುಡಿದವರ ದನಿ ಬಯಸಿದ್ದ. “ಗೇನ್ ಅರ್ಧಕ್ಕೆ ಇಳಿಸು. ವಾಲ್ಯೂಮ್ ಏರಿಸು” ಎಂದ ಖಲೀಲನಿಗೆ. “ಅಡಿಯ ಬೇಸ್ ಕೂಡ ತೆಗಿ, ಅದು ನಿನ್ನ ಜಾಗ.” ಮತ್ತೆ ನುಡಿಸಿದ. ಗಿಟಾರಿನ ಮರ ಎದೆಗೆ ತಾಗಿದಲ್ಲಿ ನಡುಗಿತು. ಅವಳು ಏನೂ ಕೂಗಲಿಲ್ಲ. ಇನ್ನೊಮ್ಮೆ ನುಡಿಸಿದ. ಅವಳು ಎದ್ದು ವೇದಿಕೆಯ ಬುಡಕ್ಕೆ ಬಂದು, ಅವನು ಒಂದು ಕಿವಿಯ ಬಿರಡೆ ತೆಗೆದ ಮೇಲೆ ಹೇಳಿದಳು, “ಅಳು ಬರುವ ಮೊದಲು ಗಂಟಲು ಕಟ್ತದಲ್ಲ, ಹಾಗೆ ಉಂಟು. ಇದನ್ನು ಹೀಗೆಯೇ ಇಡಿ.”

ಅವನಿಗೆ ಕೇಳಿದ್ದು ಗೋಡೆಯಾಚೆಯ ಗಿಟಾರು. ಇಷ್ಟು ವರ್ಷ ಬೆನ್ನು ಹತ್ತಿದ್ದು ಕೊನೆಗೂ ಬಂದು ಈ ಭವನದಲ್ಲಿ ನಿಂತಿದ್ದರೆ, ಎಲ್ಲರಿಗೂ ಸಿಕ್ಕಿ ಅವನೊಬ್ಬನಿಗೆ ಸಿಕ್ಕಿರಲಿಲ್ಲ. ವೇದಿಕೆಯ ಹಿಂದಿನ ಕಟ್ಟೆಯಲ್ಲಿ ಅವನು ಕುಳಿತಿದ್ದಾಗ ಖಲೀಲ್ ಒಂದು ಪೊಟ್ಟಣ ತಂದು ತೊಡೆಯ ಮೇಲಿಟ್ಟ. “ಹೊತ್ತು ಮುಳುಗಿದ ಮೇಲೆ ನೀವು ಜೈನರು ತಿನ್ನುವುದಿಲ್ಲ. ಈಗ ತಿನ್ನು. ಇಡ್ಲಿ. ಚಟ್ನಿಗೆ ನೀರುಳ್ಳಿ ಹಾಕಲಿಲ್ಲ, ಎರಡು ಸಲ ಕೇಳಿದ್ದೇನೆ.” ನೇತ್ರಾವತಿ ನದಿಯ ಕಡೆ ಬಿಸಿಲು ಹಳದಿಯಾಗಿ ಇಳಿಯುತ್ತಿತ್ತು. ಆದೀಶ್ ತಿಂದ. ಹೊಟ್ಟೆಗೆ ಹೋಗುತ್ತಿದ್ದಂತೆ ಅವನೊಳಗೆ ಮೊಂಡಾದ ಒಂದು ಗಟ್ಟಿತನ ಕೂಡ ಕುಳಿತುಕೊಂಡಿತು. ಸಿಗದಿದ್ದರೆ ಬೇಡ. ನುಡಿಸುವುದು ತನ್ನ ಕೈ. ಕೈಗೆ ಕಿವಿಯ ಅಪ್ಪಣೆ ಬೇಕೆಂದು ಯಾರು ಹೇಳಿದ್ದು?

ಸಂಘದ ಅಧ್ಯಕ್ಷರ ಭಾಷಣ, ಹಾರ, ನೆನಪಿನ ಕಾಣಿಕೆ ಎಲ್ಲ ಮುಗಿದ ಮೇಲೆ ಅವರು ವೇದಿಕೆ ಹತ್ತಿದರು. ಮೊದಲ ಹಾಡು ಕಳೆಯಿತು. ಎರಡನೆಯದರ ನಡುವೆ ಅವನಿಗೆ ತಾನು ನೀರಿನಡಿಯಲ್ಲಿ ನುಡಿಸುತ್ತಿದ್ದೇನೆ ಅನಿಸಿತು. ಮನ್ವಿತನ ತಾಳ ಸಹ ಗುಡುಗಿನಂತೆ ದೂರದಲ್ಲಿತ್ತು. ಯಾರಿಗೂ ತನ್ನ ಗಿಟಾರ್ ಕೇಳುತ್ತಿಲ್ಲ, ವಿಸ್ಮಿತಾ ಸೇಡು ತೀರಿಸಿಕೊಂಡಿದ್ದಾಳೆ, ನಗುವ ಜನರೆದುರು ತನ್ನನ್ನು ಮೂಕನನ್ನಾಗಿ ನಿಲ್ಲಿಸಿದ್ದಾಳೆ ಎಂಬ ಯೋಚನೆ ಬಂತು. ಬಂದದ್ದು ಎಷ್ಟು ಕೊಳಕು ಎಂದು ಗೊತ್ತಿದ್ದೂ ಅದು ಹೋಗಲಿಲ್ಲ. ಹಾಡು ಮುಗಿದಾಗ ಬಲಗೈ ತಾನಾಗಿ ಹಿಂದಕ್ಕೆ ಚಾಚಿ ಟ್ರೆಬಲಿನ ನಾಬ್ ಹಿಡಿಯಿತು. ಚೂರು ತಿರುಗಿಸಿದರೆ ಯಾರಿಗೆ ತಿಳಿಯುತ್ತದೆ? ಅವಳು ಮೈಕಿನ ಮುಂದೆ, ಅವನಿಗೆ ಬೆನ್ನು ಹಾಕಿ, ಮುಂದಿನ ಹಾಡಿನ ಹೆಸರು ಹೇಳುತ್ತಿದ್ದಳು. ನೋಡಲೂ ಇಲ್ಲ, ಕಾವಲೂ ಕಾಯಲಿಲ್ಲ. ಅವನು ಮಾತು ಕೊಟ್ಟಿದ್ದಾನೆ ಎಂದಷ್ಟೇ ತಿಳಿದು ನಿಂತ ಬೆನ್ನು ಅದು. ಆದೀಶ್ ನಾಬಿನಿಂದ ಬೆರಳು ತೆಗೆದ. ಒಂದು ಹೆಜ್ಜೆ ಮುಂದೆ ಬಂದ, ಮತ್ತೊಂದು ಹೆಜ್ಜೆ, ಕೈ ಚಾಚಿದರೂ ಆಂಪ್ ಸಿಗದಷ್ಟು ದೂರಕ್ಕೆ.

ಕೊನೆಯ ಹಾಡಿನಲ್ಲಿ, ಅವಳ ಎರಡನೆಯ ಚರಣ ಮುಗಿದ ಮೇಲೆ, ಗಿಟಾರಿನ ಸರದಿ. ಅಲ್ಲಿ ಅವನು ಬಹಳಷ್ಟು ಸ್ವರಗಳನ್ನು ಜೋಡಿಸಿಟ್ಟಿದ್ದ, ಮನೆಯಲ್ಲಿ ನೂರು ಸಲ ತಿದ್ದಿದ್ದ. ಆ ಜಾಗ ಬಂದಾಗ ಅವನ್ನೆಲ್ಲ ಬಿಟ್ಟು ನಡುವಿನ ತಂತಿಯಲ್ಲಿ ಒಂದೇ ಸ್ವರ ಹಿಡಿದು, ತಂತಿಯನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿದ. ಬೆನ್ನ ಹಿಂದಿನ ಆಂಪ್ ಅದನ್ನು ಎತ್ತಿಕೊಂಡಿತು. ಸ್ವರ ಆರುವ ಹೊತ್ತಾದರೂ ಆರಲಿಲ್ಲ. ಸ್ಪೀಕರಿನ ಗಾಳಿ ಬಂದು ಗಿಟಾರಿನ ಮರವನ್ನು ತಟ್ಟಿ, ಮರ ತಂತಿಯನ್ನು ಅಲುಗಿಸಿ, ತಂತಿ ಮತ್ತೆ ಆಂಪಿಗೆ ಹೇಳಿ, ಅದು ತನ್ನನ್ನು ತಾನೇ ಪೊರೆಯುತ್ತ ನಿಂತಿತು. ಕಿವಿಗೆ ಅಲ್ಪ, ಪಕ್ಕೆಲುಬಿಗೆ ಪೂರ್ತಿ. ಹೊಟ್ಟೆಯ ಮೇಲೆ, ಹೆಬ್ಬೆರಳ ಬುಡದಲ್ಲಿ, ಹಲ್ಲಿನ ಸಂದಿಯಲ್ಲಿ ಸ್ವರ ಎಲ್ಲಿದೆ, ಎಷ್ಟು ಬಿಸಿಯಿದೆ, ಇನ್ನೆಷ್ಟು ಒತ್ತಿದರೆ ಒಡೆಯುತ್ತದೆ ಎಂದು ಅವನಿಗೆ ಕರಾರುವಾಕ್ಕಾಗಿ ತಿಳಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ಒಬ್ಬ ಸುಲಿಯುವುದನ್ನು ನಿಲ್ಲಿಸಿದ್ದ.

ವಿಸ್ಮಿತಾ ಮೂರನೆಯ ಚರಣ ಎತ್ತಿಕೊಳ್ಳಬೇಕಾದ ಜಾಗ ಬಂತು. ಅವಳು ಮೈಕನ್ನು ಬಾಯಿಯ ಹತ್ತಿರ ತಂದಳು, ಉಸಿರು ಎಳೆದುಕೊಂಡಳು, ಹಾಡಲಿಲ್ಲ. ತಿರುಗಿ ಮನ್ವಿತನಿಗೆ ಬೆರಳು ಸುತ್ತಿ ತೋರಿಸಿದಳು: ಇನ್ನೊಂದು ಸುತ್ತು. ಮೈಕನ್ನು ಕೆಳಗಿಳಿಸಿ, ಕಣ್ಣು ಮುಚ್ಚಿ, ಕೇಳುತ್ತ ನಿಂತಳು. ಆ ಸುತ್ತೂ ಮುಗಿಯುತ್ತ ಬಂತು. ಅವಳು ಇನ್ನೂ ಕಣ್ಣು ತೆರೆದಿರಲಿಲ್ಲ. ಆದೀಶ್ ತಂತಿಯ ಮೇಲಿನ ಬೆರಳನ್ನು ಇನ್ನಷ್ಟು ಒತ್ತಿದ. ಉಗುರಿನ ಬುಡ ಬೆಳ್ಳಗಾಯಿತು, ಸ್ವರವನ್ನು ಅವನು ಬಿಡಲಿಲ್ಲ.